ನೂರ ನಲವತ್ತರಲ್ಲಿ ನಿಂತ ಮುಳ್ಳು

1978ರಲ್ಲಿ ನಾನು ಬೆಂಗಳೂರಿನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕಿರಿಯ ವಿಜ್ಞಾನಿಯಾಗಿದ್ದೆ. ನಮ್ಮದು ಇಂಟಿಗ್ರೇಟೆಡ್ ಸರ್ಕ್ಯೂಟ್‌ಗಳನ್ನು ವಿನ್ಯಾಸ ಮಾಡುವ ಚಿಕ್ಕ ಗುಂಪು. ಬೆರಳ ತುದಿಗಿಂತ ಚಿಕ್ಕದಾದ ಸಿಲಿಕಾನ್ ಚೂರಿನ, ಅಂದರೆ ಚಿಪ್ಪಿನ, ಮೇಲೆ ಟ್ರಾನ್ಸಿಸ್ಟರುಗಳನ್ನು ಎಲ್ಲೆಲ್ಲಿ ಕೂರಿಸಬೇಕು, ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎಂದು ದೊಡ್ಡ ಹಾಳೆಯ ಮೇಲೆ ಬರೆದು, ಕೆಂಪು ಫಿಲ್ಮನ್ನು ಬ್ಲೇಡಿನಿಂದ ಕತ್ತರಿಸಿ ನಕ್ಷೆ ತಯಾರಿಸುತ್ತಿದ್ದ ಕಾಲ ಅದು. ಗುಂಪಿನಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಊರು ಈಗಿನ ವಿಜಯಪುರ. ಆಗ ಎಲ್ಲರೂ ವಿಜಾಪುರ ಎನ್ನುತ್ತಿದ್ದರು. ಮನೆ ಜೋರಾಪುರ ಪೇಟೆಯಲ್ಲಿ, ಅಪ್ಪನ ಬಟ್ಟೆ ಅಂಗಡಿ ಸ್ಟೇಷನ್ ರಸ್ತೆಯಲ್ಲಿ.

ಎರಡು ವರ್ಷದಿಂದ ನಮ್ಮ ಗುಂಪು ಮಗ್ನವಾಗಿದ್ದದ್ದು ಫೇಸ್ ಲಾಕ್ಡ್ ಲೂಪ್ ಎಂಬ ಸರ್ಕ್ಯೂಟಿನಲ್ಲಿ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಅವ್ವ ಮತ್ತು ಚಿಕ್ಕವ್ವ ಒಂದೇ ಒರಳಿನಲ್ಲಿ ಎರಡು ಒನಕೆ ಹಿಡಿದು ಖಾರ ಕುಟ್ಟುತ್ತಿದ್ದರು. ಒಬ್ಬಳು ಲಯ ಹಿಡಿದರೆ ಇನ್ನೊಬ್ಬಳು ಅದನ್ನು ಕಿವಿಯಲ್ಲಿ ಇಟ್ಟುಕೊಂಡು ತನ್ನ ಒನಕೆಯನ್ನು ಸ್ವಲ್ಪ ಬೇಗ, ಸ್ವಲ್ಪ ನಿಧಾನ ಮಾಡುತ್ತ ಹೊಂದಿಸಿಕೊಳ್ಳುತ್ತಾಳೆ. ಫೇಸ್ ಲಾಕ್ಡ್ ಲೂಪ್ ಮಾಡುವುದೂ ಇದನ್ನೇ. ಹೊರಗಿನಿಂದ ಬರುವ ಬಡಿತವನ್ನು ಕೇಳುತ್ತದೆ, ತನ್ನೊಳಗೆ ತಾನೇ ಹುಟ್ಟಿಸುವ ಬಡಿತದ ಜೊತೆ ಹೋಲಿಸುತ್ತದೆ, ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ. ತಿದ್ದಿಕೊಳ್ಳುವುದರಲ್ಲಿ ಆತುರವಾದರೆ ಲೂಪ್ ಅಸ್ಥಿರವಾಗಿ ಆಚೆ ಈಚೆ ಓಲಾಡುತ್ತದೆ. ಮಂದವಾದರೆ ಹಿಂದೆ ಬೀಳುತ್ತದೆ. ಈ ಎರಡರ ನಡುವಿನ ಹದ ಹುಡುಕುವುದೇ ವಿನ್ಯಾಸಕಾರರ ಕೆಲಸ.

ನಮ್ಮ ಚಿಪ್ಪಿಗೆ ಎರಡು ಷರತ್ತುಗಳಿದ್ದವು. ಒಂದು, ಬಿಸಿಲಿಗೂ ಚಳಿಗೂ ಜಗ್ಗದೆ ಸ್ಥಿರವಾಗಿರಬೇಕು. ಎರಡು, ವಿದ್ಯುತ್ತನ್ನು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಕುಡಿಯಬೇಕು. ಯಾಕೆಂದರೆ ಅದು ಹೋಗಿ ಕೂರಬೇಕಾಗಿದ್ದದ್ದು ಕರೆಂಟು ಬಾರದ ಹಳ್ಳಿಗಳಲ್ಲಿ, ಟಾರ್ಚ್ ಸೆಲ್ಲುಗಳ ಮೇಲೆ ನಡೆಯುವ ಒಂದು ಉಪಕರಣದೊಳಗೆ. ಬಸುರಿಯ ಹೊಟ್ಟೆಯ ಮೇಲೆ ಒಂದು ಹಿಡಿಕೆಯನ್ನು ಇಟ್ಟರೆ ಅದರಿಂದ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳು ಒಳಗೆ ಹೋಗಿ, ಕೂಸಿನ ಹೃದಯದ ಚಲನೆಯನ್ನು ಹೊತ್ತು ಮರಳಿ ಬರುತ್ತವೆ. ಆ ಸದ್ದು ಇಯರ್‌ಫೋನಿನಲ್ಲಿ ಕೇಳುತ್ತದೆ. ನಮ್ಮ ಲೂಪ್ ಅದೇ ಸದ್ದಿನ ಲಯ ಹಿಡಿದು, ಮೀಟರಿನ ಮುಳ್ಳಿನ ಮೇಲೆ ನಿಮಿಷಕ್ಕೆ ಎಷ್ಟು ಬಡಿತ ಎಂದು ತೋರಿಸುತ್ತದೆ. ಹೊರದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಯಂತ್ರಗಳು ಬಂದಿದ್ದವು. ಚೀಲದಲ್ಲಿ ಹಾಕಿಕೊಂಡು ಹಳ್ಳಿಗೆ ಒಯ್ಯುವಂಥದ್ದನ್ನು ನಾವು ಮಾಡಹೊರಟಿದ್ದೆವು.

ಪ್ರಯೋಗಾಲಯದಲ್ಲಿ ಎಲ್ಲ ಸರಿಯಾಗಿಯೇ ಆಯಿತು. ಒಂದು ತೊಂದರೆ ಮಾತ್ರ ಬಹಳ ಕಾಡಿತ್ತು. ಬಸುರಿ ಸ್ವಲ್ಪ ಮಿಸುಕಿದರೂ, ಹಿಡಿಕೆ ಕೊಂಚ ಜಾರಿದರೂ ಬರುವ ಗದ್ದಲವನ್ನೇ ಲೂಪ್ ಲಯವೆಂದು ತಿಳಿದು ಅದರ ಹಿಂದೆ ಓಡುತ್ತಿತ್ತು. ಅದಕ್ಕೆ ನಾವು ಒಂದು ಬೇಲಿ ಹಾಕಿದೆವು. ಹೊಟ್ಟೆಯೊಳಗಿನ ಕೂಸಿನ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ ನೂರಿಪ್ಪತ್ತರಿಂದ ನೂರರವತ್ತು ಸಲ ಬಡಿಯುತ್ತದೆ. ಆದ್ದರಿಂದ ನಮ್ಮ ಲೂಪ್ ನೂರಕ್ಕಿಂತ ಕೆಳಗೆ, ನೂರೆಂಬತ್ತಕ್ಕಿಂತ ಮೇಲೆ ಹೋಗಲಾರದ ಹಾಗೆ ಕಟ್ಟಿದೆವು. ಆ ಮೇಲೆ ಮುಳ್ಳು ಎಷ್ಟು ಚೆನ್ನಾಗಿ ನಿಂತಿತೆಂದರೆ ನಮ್ಮ ಮುಖ್ಯಸ್ಥರು ಅಂದು ಇಡೀ ಗುಂಪಿಗೆ ಮಸಾಲೆ ದೋಸೆ ಕೊಡಿಸಿದರು. ಬಿಸಿಯಾದ ಪೆಟ್ಟಿಗೆಯೊಳಗೆ ಚಿಪ್ಪನ್ನು ಇಟ್ಟು ಬೇಯಿಸಿದ್ದಾಯಿತು, ಮುಳ್ಳು ಕದಲಲಿಲ್ಲ.

ಮುಂದಿನದು ಹಳ್ಳಿಯ ಪರೀಕ್ಷೆ. ನಿಜವಾದ ಬಿಸಿಲು ಎಲ್ಲಿದೆ ಎಂದು ಮುಖ್ಯಸ್ಥರು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನಮ್ಮ ಜಿಲ್ಲೆಯ ಬೇಸಿಗೆಯ ಬಗ್ಗೆ ನಾನು ಎರಡು ವರ್ಷ ಅವರ ತಲೆ ತಿಂದಿದ್ದೆ. ಅದೂ ಅಲ್ಲದೆ ಹೆರಿಗೆ ಕೋಣೆಯೊಳಗೆ ಗಂಡಸರನ್ನು ಯಾರೂ ಬಿಡುತ್ತಿರಲಿಲ್ಲ. ಹೀಗೆ ಮಾರ್ಚ್ ತಿಂಗಳಲ್ಲಿ, ಎರಡು ಉಪಕರಣಗಳನ್ನು ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡು ನಾನು ವಿಜಾಪುರದ ಹತ್ತಿರದ ಟಿಕೋಟಾಕ್ಕೆ ಬಂದೆ.

ಟಿಕೋಟಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದ್ದವರು ಇಬ್ಬರು ಮುಖ್ಯರು. ಡಾಕ್ಟರ್ ವಸಂತರಾವ್ ಆಗತಾನೇ ಕೆಲಸಕ್ಕೆ ಸೇರಿದ್ದ ಯುವಕ. ಹೊಸ ಯಂತ್ರ ಬರುತ್ತದೆಂದು ಕೇಳಿ ಕೇಂದ್ರದ ಗೋಡೆಗೆ ಸುಣ್ಣ ಬಳಿಸಿಟ್ಟಿದ್ದರು. ಇನ್ನೊಬ್ಬರು ನರ್ಸ್ ಸಾವಿತ್ರಿಬಾಯಿ. ನಲವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಊರಿನ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ನಾನು ತಂಗಿದ್ದದ್ದು ಅವರ ಕ್ವಾರ್ಟರ್ಸಿನಲ್ಲಿ. ಮೊದಲ ದಿನವೇ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬೆಂಗಳೂರಿನಲ್ಲಿ ಊಟ ಹಾಕುವುದಿಲ್ಲವೇ ಎಂದು ಕೇಳಿ, ಎರಡು ಜೋಳದ ರೊಟ್ಟಿ ಹೆಚ್ಚಿಗೆ ಬಡಿದರು. ಯಂತ್ರದ ಬಗ್ಗೆ ಅವರಿಗೆ ಕುತೂಹಲವೂ ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಅದು ಮನೆಗೆ ಬಂದ ಇನ್ನೊಬ್ಬ ನೆಂಟ ಎನ್ನುವಂತೆ ನಡೆದುಕೊಂಡರು. ಕಪಾಟಿನಲ್ಲಿ ಜಾಗ ಮಾಡಿಕೊಟ್ಟರು, ಧೂಳು ಕೂರದಂತೆ ತಮ್ಮ ಹಳೆಯ ಸೀರೆಯ ತುಂಡು ಹೊದಿಸಿದರು.

ಆ ವಾರಗಳನ್ನು ನೆನೆದರೆ ಈಗಲೂ ಮನಸ್ಸು ಹಗುರವಾಗುತ್ತದೆ. ವಾರಕ್ಕೊಮ್ಮೆ ಟಿಕೋಟಾದಲ್ಲಿ, ಇನ್ನೊಂದು ದಿನ ಬಬಲೇಶ್ವರದ ಉಪಕೇಂದ್ರದಲ್ಲಿ ಬಸುರಿಯರ ತಪಾಸಣೆ. ಜೀಪಿನಲ್ಲಿ ಎರೆ ಹೊಲಗಳ ನಡುವಿನ ರಸ್ತೆ ಹಿಡಿದು ಹೋಗುತ್ತಿದ್ದೆವು. ಉಪಕರಣದಲ್ಲಿ ಸ್ಪೀಕರ್ ಇರಲಿಲ್ಲ. ಸ್ಪೀಕರ್ ಇಟ್ಟರೆ ಸೆಲ್ಲುಗಳು ಬೇಗ ಸಾಯುತ್ತವೆಂದು ನಾವು ಇಯರ್‌ಫೋನ್ ಮಾತ್ರ ಇಟ್ಟಿದ್ದೆವು. ಹಾಗಾಗಿ ಬಂದ ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಅದನ್ನು ಕಿವಿಗೆ ಚುಚ್ಚಿಕೊಂಡು ತಮ್ಮ ಕೂಸಿನ ಸದ್ದು ಕೇಳುತ್ತಿದ್ದರು. ಕುದುರೆ ಓಡಿದಂತೆ ಕೇಳುತ್ತದೆ ಎಂದು ಒಬ್ಬಳು ಹೇಳಿದರೆ, ಪಂಪ್ ಸ್ಟೋವಿಗೆ ಗಾಳಿ ಹೊಡೆದಂತೆ ಇದೆ ಎಂದು ಇನ್ನೊಬ್ಬಳು. ಕೆಲವರು ಏನೂ ಹೇಳದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸಾವಿತ್ರಿಬಾಯಿ ತಮ್ಮ ಕಟ್ಟಿಗೆಯ ಕೊಳವೆಯನ್ನು ಹೊಟ್ಟೆಗೆ ಆನಿಸಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಗಡಿಯಾರ ನೋಡುತ್ತ ಬಡಿತ ಎಣಿಸುತ್ತಿದ್ದರು. ಡಾಕ್ಟರು ಮುಳ್ಳು ನೋಡುತ್ತಿದ್ದರು. ಎರಡೂ ತಾಳೆಯಾಗುತ್ತಿದ್ದವು. ಏಪ್ರಿಲ್ ಕೊನೆಯ ಬಿಸಿಲಿನಲ್ಲಿ ಜೀಪಿನ ಬಾನೆಟ್ಟು ಮುಟ್ಟಲಾಗದಷ್ಟು ಕಾದಿತ್ತು, ಆದರೂ ನಮ್ಮ ಚಿಪ್ಪು ಅಲುಗಲಿಲ್ಲ. ನಾನು ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ, ಎಲ್ಲ ಚೆನ್ನಾಗಿದೆ ಎಂದು ಹೇಳಿದೆ. ಮುಖ್ಯಸ್ಥರು ಹೆಚ್ಚಿನ ಸಂಖ್ಯೆಯಲ್ಲಿ ಚಿಪ್ಪು ಮಾಡಿಸುವ ಮಾತಾಡತೊಡಗಿದರು.

ಮೇ ತಿಂಗಳ ಮೊದಲ ವಾರ ಬಬಲೇಶ್ವರದ ಉಪಕೇಂದ್ರದಲ್ಲಿ ತಪಾಸಣೆ ಮುಗಿಯುವ ಹೊತ್ತಿಗೆ ನೀಲವ್ವ ಬಂದಳು. ಕುರಿ ಸಾಕುವವರ ಮನೆಯ ಸೊಸೆ, ಇಪ್ಪತ್ತರ ಆಸುಪಾಸು. ಜೊತೆಗೆ ಅತ್ತೆ ಮಾಳವ್ವ. ಗಂಡ ಕುರಿ ಹಿಂಡಿನ ಜೊತೆ ದೂರ ಹೋಗಿದ್ದ. ನೀಲವ್ವನನ್ನು ನಾನು ಹಿಂದೆ ಎರಡು ಸಲ ನೋಡಿದ್ದೆ. ಹಿಂದಿನ ವರ್ಷ ಅವಳ ಮೊದಲ ಕೂಸು ಮನೆಯಲ್ಲೇ ಸತ್ತು ಹುಟ್ಟಿತ್ತು. ಆ ಕಾರಣಕ್ಕೆ ತಪಾಸಣೆಗೆ ತಪ್ಪದೆ ಬರುತ್ತಿದ್ದಳು. ಇಯರ್‌ಫೋನ್ ಕಿವಿಗಿಟ್ಟರೆ ತೆಗೆಯಲು ಒಪ್ಪುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ತುಟಿ ಬಿಗಿದುಕೊಂಡು ಕೇಳುತ್ತಿದ್ದಳು. ಮುಂದಿನವರು ಕಾಯುತ್ತಿದ್ದಾರೆ ಎಂದು ಸಾವಿತ್ರಿಬಾಯಿ ಎರಡು ಸಲ ಹೇಳಿದ ಮೇಲೆಯೇ ಕೊಡುತ್ತಿದ್ದಳು. ಅಂದು ಮುಂಜಾನೆಯಿಂದ ಅವಳಿಗೆ ನೋವು ಶುರುವಾಗಿತ್ತು.

ಉಪಕೇಂದ್ರ ಎಂದರೆ ಒಂದೇ ಕೋಣೆ. ನಡುವೆ ಒಂದು ಪರದೆ. ಪರದೆಯ ಒಳಗೆ ಮಂಚ, ಹೊರಗೆ ಡಾಕ್ಟರ ಟೇಬಲ್ಲು. ಡಾಕ್ಟರು ಒಳಗೆ ಬಂದರೆ ಹೆಣ್ಣುಮಕ್ಕಳು ಮುದುಡಿಕೊಳ್ಳುತ್ತಿದ್ದರಿಂದ ನಾವು ಒಂದು ಏರ್ಪಾಡು ಮಾಡಿಕೊಂಡಿದ್ದೆವು. ಮೀಟರಿನ ಪೆಟ್ಟಿಗೆ ಹೊರಗೆ ಅವರ ಟೇಬಲ್ಲಿನ ಮೇಲೆ. ಅದರಿಂದ ಉದ್ದನೆಯ ವೈರು ಪರದೆಯ ಕೆಳಗಿನಿಂದ ಒಳಗೆ ಬರುತ್ತಿತ್ತು. ಒಳಗೆ ಹಿಡಿಕೆ ಮತ್ತು ಇಯರ್‌ಫೋನ್ ನನ್ನ ಬಳಿ. ಡಾಕ್ಟರು ನೋಡುತ್ತಾರೆ, ನಾನು ಕೇಳುತ್ತೇನೆ.

ಅಂದು ಡಾಕ್ಟರಿಗೆ ಟಿಕೋಟಾಕ್ಕೆ ಮರಳುವ ಅವಸರವಿತ್ತು. ಅಲ್ಲಿ ರೋಗಿಗಳು ಕಾಯುತ್ತಿದ್ದರು, ಜೀಪು ಹೊರಗೆ ನಿಂತಿತ್ತು. ನೀಲವ್ವನದು ಸಹಜ ಹೆರಿಗೆಯಾದರೆ ಸಾವಿತ್ರಿಬಾಯಿ ಅಲ್ಲೇ ಉಳಿದು ಮಾಡಿಸುತ್ತಾರೆ, ನಾವು ಹೋಗುವುದು ಎಂದು ಮಾತಾಗಿತ್ತು. ನಾನು ಹಿಡಿಕೆಗೆ ಎಣ್ಣೆ ಸವರಿ ಹೊಟ್ಟೆಯ ಮೇಲಿಟ್ಟೆ. ಸದ್ದು ಕೂಡಲೇ ಸಿಕ್ಕಿತು. ಒಂದು ನೋವು ಬಂದು ಹೋಯಿತು. ಪರದೆಯ ಆಚೆಯಿಂದ ಡಾಕ್ಟರು ಹೇಳಿದರು:

"ಮುಳ್ಳು ನೂರಾ ನಲವತ್ತರ ಮ್ಯಾಲ ಗಟ್ಟಿ ನಿಂತದ. ಛಲೋ ಅದ. ನಾವು ಹೊಂಡೂಣು."

ನನ್ನ ಕಿವಿಯಲ್ಲಿ ಕೇಳುತ್ತಿದ್ದದ್ದು ಬೇರೆಯೇ. ಪ್ರತಿ ಬಡಿತಕ್ಕೂ ಹೃದಯದ ಕವಾಟ ಒಮ್ಮೆ ತೆರೆಯುತ್ತದೆ, ಒಮ್ಮೆ ಮುಚ್ಚುತ್ತದೆ. ನಮ್ಮ ಇಯರ್‌ಫೋನಿನಲ್ಲಿ ಈ ಎರಡೂ ಕೇಳುತ್ತವೆ, ಆದರೆ ಕೂಸಿನ ಹೃದಯ ವೇಗವಾಗಿ ಓಡುವಾಗ ಕೂಡಿಕೊಂಡು ಒಂದೇ ಆಗುತ್ತವೆ. ಈಗ ಅವು ಬಿಡಿಬಿಡಿಯಾಗಿದ್ದವು. ಒಂದು ದಪ್ಪ ಸದ್ದು, ಒಂದು ತೆಳು ಸದ್ದು. ಮತ್ತೆ ದಪ್ಪ, ಮತ್ತೆ ತೆಳು. ದಪ್ಪ ಸದ್ದುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಲಯ ಬಹಳ ನಿಧಾನವಾಗಿತ್ತು. ಇದು ತಾಯಿಯ ನಾಡಿ ಇರಬಹುದೇ ಎಂದು ಮೊದಲು ಅನ್ನಿಸಿತು. ನೀಲವ್ವನ ಮಣಿಕಟ್ಟು ಹಿಡಿದು ನೋಡಿದೆ. ಅವಳ ನಾಡಿ ಬೇರೆ ಲಯದಲ್ಲಿ, ಇದಕ್ಕಿಂತ ಬೇಗ ಬೇಗ ಓಡುತ್ತಿತ್ತು. ಹಾಗಾದರೆ ಕಿವಿಯಲ್ಲಿದ್ದದ್ದು ಕೂಸಿನದೇ. ಎಪ್ಪತ್ತರ ಆಚೀಚೆ.

ಆ ಕ್ಷಣದಲ್ಲಿ ನನಗೆ ಇಡೀ ಸರ್ಕ್ಯೂಟು ಕಣ್ಣ ಮುಂದೆ ಬಂತು. ಕೂಸಿನ ಹೃದಯ ಎಪ್ಪತ್ತಕ್ಕೆ ಇಳಿದಿತ್ತು. ನಮ್ಮ ಲೂಪ್ ನೂರಕ್ಕಿಂತ ಕೆಳಗೆ ಹೋಗಲಾರದು, ನಾವು ಬೇಲಿ ಹಾಕಿದ್ದೆವು. ಬೇಲಿಯೊಳಗೆ ಹಿಡಿಯಲು ಅದು ಏನನ್ನಾದರೂ ಹುಡುಕುತ್ತದೆ. ತೆರೆಯುವ ಸದ್ದು ಒಂದು, ಮುಚ್ಚುವ ಸದ್ದು ಒಂದು, ಎರಡನ್ನೂ ಬೇರೆ ಬೇರೆ ಬಡಿತವೆಂದು ಎಣಿಸಿದರೆ ಎಪ್ಪತ್ತರ ಎರಡರಷ್ಟು, ನೂರ ನಲವತ್ತು. ಮುಳ್ಳಿಗೆ ಅದಕ್ಕಿಂತ ಆರೋಗ್ಯಕರವಾದ ಜಾಗ ಬೇರೆ ಇಲ್ಲ. ಅದು ಗಟ್ಟಿಯಾಗಿಯೇ ನಿಂತಿತ್ತು. ನಾವು ಎರಡು ವರ್ಷ ಕಷ್ಟಪಟ್ಟು ಕಲಿಸಿದ್ದ ಸ್ಥಿರತೆ ಅದು.

ನಾನು ಹೇಳಿದೆ: "ಡಾಕ್ಟರ್, ಮುಳ್ಳು ನೋಡಬ್ಯಾಡ್ರಿ. ಅದು ಡಬಲ್ ಎಣಸಾಕತ್ತದ. ಕೂಸಿನ ಬಡಿತ ಎಪ್ಪತ್ತಕ್ಕ ಇಳದದ."

ಹೊರಗಿನಿಂದ ಅವರು, "ನೀವ ಮಾಡಿದ ಯಂತ್ರ ಅಲ್ಲೇನ್ರಿ ಇದು?" ಎಂದು ಕೇಳಿದರು. ವ್ಯಂಗ್ಯವೇನೂ ಇರಲಿಲ್ಲ. ನಿಜಕ್ಕೂ ಗೊಂದಲಗೊಂಡಿದ್ದರು. ಎರಡು ತಿಂಗಳು ಆ ಮುಳ್ಳು ಅವರಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

"ನಾವ ಮಾಡೀವಿ ಅಂತನ ಹೇಳಾಕತ್ತೀನ್ರಿ," ಎಂದೆ.

ಸಾವಿತ್ರಿಬಾಯಿ ಅಷ್ಟರಲ್ಲಿ ಕಟ್ಟಿಗೆಯ ಕೊಳವೆಗೆ ಕಿವಿ ಕೊಟ್ಟಿದ್ದರು. ತಲೆ ಎತ್ತಿ ನನ್ನ ಕಡೆ ನೋಡಿ, ಹೌದೆನ್ನುವಂತೆ ತಲೆಯಾಡಿಸಿದರು. ಕೂಡಲೇ ನೀಲವ್ವನನ್ನು ಎಡಮಗ್ಗುಲಿಗೆ ಹೊರಳಿಸಿದರು. ಕೂಸಿನ ಮೇಲಿನ, ಹೊಕ್ಕುಳ ಬಳ್ಳಿಯ ಮೇಲಿನ ಒತ್ತಡ ಕೆಲವೊಮ್ಮೆ ಹಾಗೆ ಮಾಡಿದರೆ ಕಡಿಮೆಯಾಗುತ್ತದೆ. ನಾನು ಹಿಡಿಕೆಯನ್ನು ಸರಿಸಿ ಮತ್ತೆ ಸದ್ದು ಹುಡುಕಿದೆ. ಸ್ವಲ್ಪ ಹೊತ್ತಿನಲ್ಲಿ ಲಯ ಏರತೊಡಗಿತು. ಎರಡು ಸದ್ದು ಹತ್ತಿರ ಬಂದು ಕೂಡಿಕೊಂಡವು. ಮುಂದಿನ ನೋವು ಬಂತು, ಮತ್ತೆ ಬಡಿತ ಕುಸಿಯಿತು, ಈ ಸಲ ಏಳಲು ಹೆಚ್ಚು ಹೊತ್ತು ತೆಗೆದುಕೊಂಡಿತು.

ಡಾಕ್ಟರು ಮಾಳವ್ವನ ಅಪ್ಪಣೆ ಕೇಳಿ ಪರದೆ ಸರಿಸಿ ಒಳಗೆ ಬಂದರು. ಇಯರ್‌ಫೋನ್ ತೆಗೆದುಕೊಂಡು ತಮ್ಮ ಕಿವಿಗೆ ಹಾಕಿಕೊಂಡರು, ಗಡಿಯಾರ ನೋಡಿದರು. ಇಯರ್‌ಫೋನ್ ಮರಳಿ ನನ್ನ ಕೈಗಿಟ್ಟರು. ಇದು ಇಲ್ಲಿ ಆಗುವ ಹೆರಿಗೆಯಲ್ಲ, ವಿಜಾಪುರದ ದೊಡ್ಡಾಸ್ಪತ್ರೆಗೆ ಹೋಗಬೇಕು, ಈಗಲೇ ಜೀಪಿನಲ್ಲಿ ಎಂದರು.

ಮಾಳವ್ವ ಒಪ್ಪಲಿಲ್ಲ. ದೊಡ್ಡಾಸ್ಪತ್ರೆ ಎಂದರೆ ಹೊಟ್ಟೆ ಕೊಯ್ಯುತ್ತಾರೆ, ಮಗ ಊರಲ್ಲಿಲ್ಲ, ಅವನನ್ನು ಕೇಳದೆ ಹೇಗೆ ಎಂದು ಮಂಚಕ್ಕೆ ಅಡ್ಡವಾಗಿ ನೆಲದ ಮೇಲೆ ಕೂತಳು. ಅವಳದು ಹಟವಾಗಿರಲಿಲ್ಲ, ಭಯವಾಗಿತ್ತು. ಹಿಂದಿನ ವರ್ಷ ಸತ್ತ ಕೂಸನ್ನು ಮಣ್ಣು ಮಾಡಿದ್ದು ಅವಳೇ ಎಂದು ಆಮೇಲೆ ತಿಳಿಯಿತು. ಡಾಕ್ಟರು ಹೇಳಿದರು, ಸಾವಿತ್ರಿಬಾಯಿ ಹೇಳಿದರು. ನೀಲವ್ವ ಮಗ್ಗುಲಾಗಿ ಮಲಗಿಕೊಂಡೇ ಅತ್ತೆಯ ಸೆರಗು ಹಿಡಿದು ಅವಳ ಮುಖ ನೋಡುತ್ತಿದ್ದಳು.

ನನಗೆ ವಾದ ಮಾಡಲು ಗೊತ್ತಿರಲಿಲ್ಲ. ನಾನು ಮಾಳವ್ವನ ಪಕ್ಕ ನೆಲದ ಮೇಲೆ ಕೂತು, ಇಯರ್‌ಫೋನನ್ನು ಅವಳ ಕಿವಿಗೆ ಇಟ್ಟೆ. ಅವಳು ಹಿಂದೆಂದೂ ಅದನ್ನು ಹಾಕಿಕೊಂಡಿರಲಿಲ್ಲ. ಮೊದಲು ಮುಖ ಗಂಟಿಕ್ಕಿದಳು. ಆಮೇಲೆ ಕಿವಿಗೊಟ್ಟು ಕೇಳತೊಡಗಿದಳು. ಸಾವಿತ್ರಿಬಾಯಿ ಹಿಡಿಕೆ ಹಿಡಿದಿದ್ದರು. ನೀಲವ್ವನಿಗೆ ನೋವು ಬಂತು. ನನಗೇನೂ ಕೇಳುತ್ತಿರಲಿಲ್ಲ, ಆದರೆ ಆ ಮುದುಕಿಯ ಮುಖ ನೋಡುತ್ತ ಒಳಗಿನ ಲಯ ಇಳಿಯುವುದನ್ನು ತಿಳಿಯಬಹುದಾಗಿತ್ತು. ಅವಳ ಬೆರಳು ತೊಡೆಯ ಮೇಲೆ ತಟ್ಟುತ್ತಿತ್ತು, ತಟ್ಟುವುದು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಎದ್ದು ನಿಂತಳು.

"ಕೂಸು ದಣಿಯಾಕತ್ತೈತಿ," ಎಂದಳು. "ನಡೀರಿ, ಎಲ್ಲಿಗಿ ಕರಕೊಂಡ ಹೋಗ್ತೀರಿ ಹೋಗ್ರಿ. ನನ ಮಗಗ ನಾ ಹೇಳತೀನಿ."

ಜೀಪಿನ ಹಿಂಬದಿಯಲ್ಲಿ ಕೌದಿ ಹಾಸಿ ನೀಲವ್ವನನ್ನು ಎಡಮಗ್ಗುಲಿಗೆ ಮಲಗಿಸಿದೆವು. ಬಬಲೇಶ್ವರದಿಂದ ವಿಜಾಪುರದ ರಸ್ತೆ ಆಗ ಹೀಗಿರಲಿಲ್ಲ. ಗುಂಡಿ ಬಂದಲ್ಲೆಲ್ಲ ಮಾಳವ್ವ ಸೊಸೆಯ ತಲೆಯನ್ನು ತನ್ನ ತೊಡೆಗೆ ಒತ್ತಿ ಹಿಡಿಯುತ್ತಿದ್ದಳು. ಎಂಜಿನ್ನಿನ ಅದುರಿನಲ್ಲಿ ಉಪಕರಣದಿಂದ ಏನೂ ಕೇಳಿಸುತ್ತಿರಲಿಲ್ಲ. ನಾನು ಅದನ್ನು ಆರಿಸಿ ಕಾಲ ಬಳಿ ಇಟ್ಟೆ. ಅದಕ್ಕೂ ಮುಂಚೆ ಒಮ್ಮೆ ಮೀಟರ್ ನೋಡಿದ್ದೆ. ಜೀಪಿನ ಗಡಗಡ ಸದ್ದಿನ ನಡುವೆಯೂ ಮುಳ್ಳು ನೂರ ಮೂವತ್ತೆಂಟರ ಮೇಲೆ ಶಾಂತವಾಗಿ ಕೂತಿತ್ತು. ಹೊಟ್ಟೆಯ ಮೇಲೆ ಹಿಡಿಕೆಯೇ ಇರಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಡಾಕ್ಟರು ಮುಂದೆ ಓಡಿದರು. ಒಳಗಿನ ಹಿರಿಯ ವೈದ್ಯೆ ಹೆಚ್ಚು ಪ್ರಶ್ನೆ ಕೇಳಲಿಲ್ಲ, ತಾವೂ ಒಮ್ಮೆ ಕಿವಿಗೊಟ್ಟು ಕೇಳಿ ನೀಲವ್ವನನ್ನು ಆಪರೇಷನ್ ಕೋಣೆಗೆ ಕರೆದೊಯ್ದರು. ಮಾಳವ್ವ, ಸಾವಿತ್ರಿಬಾಯಿ, ನಾನು ಹೊರಗೆ ಬೆಂಚಿನ ಮೇಲೆ ಕೂತೆವು. ಸಾವಿತ್ರಿಬಾಯಿ ಯಾರಿಂದಲೋ ತಂಬಿಗೆಯಲ್ಲಿ ನೀರು ತಂದು ಮೊದಲು ಮಾಳವ್ವನಿಗೆ, ಆಮೇಲೆ ನನಗೆ ಕುಡಿಸಿದರು. ಎಷ್ಟು ಹೊತ್ತು ಕೂತೆವೋ ನೆನಪಿಲ್ಲ. ಕೂಸಿನ ಅಳು ಕೇಳಿತು. ಬಹಳ ಸಣ್ಣ ದನಿ. ಮಾಳವ್ವ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆಯೊಂದು ಒಡೆಯಿತು.

ಹೆಣ್ಣು ಕೂಸು. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದು ವೈದ್ಯೆ ಹೇಳಿದರು. ತಾಯಿಯೂ ಚೆನ್ನಾಗಿದ್ದಳು. ಡಾಕ್ಟರ್ ವಸಂತರಾವ್ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಹತ್ತಿರ ಹೋದಾಗ, ತಾನು ಜೀಪು ಹತ್ತಲು ಎದ್ದು ನಿಂತಿದ್ದೆ, ಎಂದಷ್ಟೇ ಹೇಳಿದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ನನ್ನ ಕಿವಿಯಲ್ಲಿ ಇಯರ್‌ಫೋನ್ ಇರದೆ ಅದು ಅವರ ಟೇಬಲ್ಲಿನ ಮೇಲೆ ಇದ್ದಿದ್ದರೆ ಏನಾಗುತ್ತಿತ್ತು ಎಂದು.

ಅಂದು ಜೋರಾಪುರ ಪೇಟೆಯ ಮನೆಗೆ ಹೋದೆ. ಸ್ನಾನ ಮಾಡಿ ಕೂತಾಗ ಅಪ್ಪ ಅಂಗಡಿ ಮುಚ್ಚಿಕೊಂಡು ಬಂದರು. ನನ್ನ ಕೆಲಸದ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಆದರೆ ಅದು ಅರ್ಥವಾಗುತ್ತಿರಲಿಲ್ಲ. "ಏನವಾ, ನಿನ್ನ ಯಂತ್ರ ಕೆಲಸ ಮಾಡಾಕತ್ತದೋ ಇಲ್ಲೋ?" ಎಂದು ಕೇಳಿದರು. ಅರ್ಧ ಮಾಡುತ್ತದೆ ಎಂದೆ. ಅರ್ಧ ಕೆಲಸ ಮಾಡುವ ಯಂತ್ರ ಎಂದರೇನು ಎಂದು ಅವರು ಅವ್ವನ ಕಡೆ ನೋಡಿದರು. ನಾನು ಅಳುವುದಕ್ಕೆ ಶುರು ಮಾಡಿದೆ. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿದಳು.

ಬೆಂಗಳೂರಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸ, ಆ ಸದ್ದನ್ನು ಪ್ರಯೋಗಾಲಯದಲ್ಲಿ ಮತ್ತೆ ಹುಟ್ಟಿಸಿದ್ದು. ಒಂದು ದಪ್ಪ ಮಿಡಿತ, ಒಂದು ತೆಳು ಮಿಡಿತ, ಎಪ್ಪತ್ತರ ಲಯದಲ್ಲಿ. ಗೆಳೆಯರನ್ನೆಲ್ಲ ಕರೆದು ಮೀಟರ್ ತೋರಿಸಿದೆ. ಮುಳ್ಳು ನೂರ ನಲವತ್ತಕ್ಕೆ ಹೋಗಿ ನಿಂತಿತು. ಯಾರೂ ಯಾರನ್ನೂ ದೂರಲಿಲ್ಲ. ಬೇಲಿ ಹಾಕುವಾಗ ಎಲ್ಲರ ಕೈಯೂ ಅದರಲ್ಲಿತ್ತು.

ತಿದ್ದುವುದು ಸುಲಭವಾಗಿರಲಿಲ್ಲ. ಬೇಲಿಯನ್ನು ಕೆಳಗೆ ಐವತ್ತರವರೆಗೆ ಅಗಲ ಮಾಡಿದರೆ ಹಳೆಯ ಗದ್ದಲದ ಕಾಟ ಮರಳುತ್ತದೆ. ಅದಕ್ಕಾಗಿ ಲಯ ಹುಡುಕುವಾಗ ಚುರುಕಾಗಿ, ಹಿಡಿದ ಮೇಲೆ ಸಮಾಧಾನದಿಂದ ನಡೆಯುವ ಗದ್ದಲ ಸೋಸುವ ಎರಡು ವೇಗದ ಫಿಲ್ಟರ್ ಮಾಡಿದೆವು. ಆದರೆ ನನಗೆ ಮುಖ್ಯವಾಗಿದ್ದದ್ದು ಬೇರೆ. ಹಿಡಿಕೆ ಹೊಟ್ಟೆಯ ಮೇಲೆ ಇಲ್ಲದಾಗಲೂ ಆ ಮುಳ್ಳು ಒಂದು ಆರೋಗ್ಯದ ಸಂಖ್ಯೆ ತೋರಿಸಿದ್ದನ್ನು ನಾನು ಕಂಡಿದ್ದೆ. ಲೂಪ್ ನಿಜಕ್ಕೂ ಲಯ ಹಿಡಿದಿದೆಯೋ ಇಲ್ಲವೋ, ಅಕ್ಕಪಕ್ಕದ ಎರಡು ಮಿಡಿತ ಒಂದೇ ಬಗೆಯವೋ ಅಲ್ಲವೋ ಎಂದು ನೋಡುವ ಇನ್ನೊಂದು ಸರ್ಕ್ಯೂಟು ಬೇಕು ಎಂದೆ. ಸಂಶಯವಿದ್ದರೆ ಮುಳ್ಳು ಸೊನ್ನೆಗೆ ಬೀಳಬೇಕು. ಕೆಂಪು ದೀಪ ಹಾಕೋಣ ಎಂದು ಯಾರೋ ಹೇಳಿದರು. ಆ ಕಾಲದ ದೀಪವೊಂದು ನಮ್ಮ ಇಡೀ ಚಿಪ್ಪಿಗಿಂತ ಎಷ್ಟೋ ಪಾಲು ಹೆಚ್ಚು ಕರೆಂಟು ಕುಡಿಯುತ್ತಿತ್ತು. ಬಿದ್ದ ಮುಳ್ಳಿಗೆ ಕರೆಂಟೇ ಬೇಕಾಗಿಲ್ಲ.

ಮುಖ್ಯಸ್ಥರಿಗೆ ಇದು ರುಚಿಸಲಿಲ್ಲ. ಅವರು ಒಳ್ಳೆಯ ಮನುಷ್ಯ, ನನಗೆ ಈ ವಿದ್ಯೆ ಕಲಿಸಿದವರು. ಮಾತು ಮಾತಿಗೆ ಸೊನ್ನೆಗೆ ಬೀಳುವ ಮೀಟರನ್ನು ಜನ ಕೆಟ್ಟುಹೋಗಿದೆ ಎಂದುಕೊಳ್ಳುತ್ತಾರೆ, ಮೂಲೆಗೆ ಎಸೆಯುತ್ತಾರೆ, ನಮ್ಮ ಎರಡು ವರ್ಷದ ಶ್ರಮ ಮಣ್ಣುಪಾಲಾಗುತ್ತದೆ ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ನಾನು ಅವರಿಗೆ ಬಬಲೇಶ್ವರದ ಕೋಣೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಟೇಬಲ್ಲಿನ ಮುಂದೆ ಕೂತ ಡಾಕ್ಟರು, ಪರದೆ, ಹೊರಗೆ ನಿಂತ ಜೀಪು. ಕೊನೆಗೆ, "ಸರ್, ಸೊನ್ನೆ ಕಂಡಿದ್ದರೆ ಅವರು ಪರದೆ ಸರಿಸಿ ಒಳಗೆ ಬರುತ್ತಿದ್ದರು. ನೂರ ನಲವತ್ತು ಕಂಡದ್ದಕ್ಕೆ ಎದ್ದು ಹೊರಟರು," ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ದೊಡ್ಡ ಹಾಳೆಯ ಮುಂದೆ ಕೂತು, ಹೊಸ ಟ್ರಾನ್ಸಿಸ್ಟರುಗಳಿಗೆ ಎಲ್ಲಿ ಜಾಗ ಮಾಡುವುದು ಎಂದು ತಾವೇ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು.

ಹೊಸ ಚಿಪ್ಪು ಬರುವ ಹೊತ್ತಿಗೆ ಮುಂದಿನ ಚಳಿಗಾಲ. ನಾನು ಮತ್ತೆ ಟಿಕೋಟಾಕ್ಕೆ ಹೋದೆ. ಸಾವಿತ್ರಿಬಾಯಿ ಹೊಸ ಉಪಕರಣವನ್ನು ಕೆಲವು ದಿನ ಬಳಸಿದರು. ಮುಖ್ಯಸ್ಥರು ಹೇಳಿದಂತೆಯೇ ಮುಳ್ಳು ಆಗಾಗ ಬೀಳುತ್ತಿತ್ತು. ಹಿಡಿಕೆ ಜಾರಿದರೆ ಬೀಳುತ್ತಿತ್ತು, ಬಸುರಿ ನಕ್ಕರೂ ಬೀಳುತ್ತಿತ್ತು. ಅವರು ಬೇಸರಪಟ್ಟುಕೊಂಡಾರು ಎಂದು ನಾನು ಅಂಜಿದ್ದೆ. ಅವರು ಹಿಡಿಕೆಯನ್ನು ಬೇಕೆಂದೇ ಎತ್ತಿ ಗಾಳಿಯಲ್ಲಿ ಹಿಡಿದು ಮುಳ್ಳು ಬೀಳುವುದನ್ನು ನೋಡಿದರು, ಮತ್ತೆ ಹೊಟ್ಟೆಗೆ ಇಟ್ಟು ಏಳುವುದನ್ನು ನೋಡಿದರು.

"ಹಿಂದಿಂದಕ್ಕಿಂತ ಇದು ಛಲೋ ಆಗ್ಯಾದ ನೋಡ್ರಿ," ಎಂದರು. "ತಿಳೀಲಿಲ್ಲಂದ್ರ ಸುಮ್ಮನಾಗತದ. ಆವಾಗ ನಾ ಕೇಳತೀನಿ."

ಆ ಉಪಕರಣಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾಗಲೇ ಇಲ್ಲ. ಕೆಲವೇ ಆರೋಗ್ಯ ಕೇಂದ್ರಗಳಿಗೆ ಹೋದವು, ಆಮೇಲೆ ಇನ್ನೂ ಒಳ್ಳೆಯವು ಬಂದವು. ನಾನು ಮುಂದೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ. ನಾನು ಕಟ್ಟಿದ ಲೂಪ್‌ಗಳು ರೇಡಿಯೋಗಳಲ್ಲಿ, ಟೆಲಿಫೋನುಗಳಲ್ಲಿ, ನನಗೇ ಗೊತ್ತಿಲ್ಲದ ಎಷ್ಟೋ ಪೆಟ್ಟಿಗೆಗಳಲ್ಲಿ ಓಡಿದವು. ಕಿರಿಯರು ತಮ್ಮ ವಿನ್ಯಾಸ ತೋರಿಸಲು ಬಂದಾಗ ಎಷ್ಟು ಸ್ಥಿರ, ಎಷ್ಟು ಕಡಿಮೆ ಕರೆಂಟು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನೆಲ್ಲ ಪ್ರೀತಿಯಿಂದ ಕೇಳುತ್ತಿದ್ದೆ, ಯಾಕೆಂದರೆ ಅದರ ಹಿಂದಿನ ದುಡಿಮೆ ನನಗೆ ಗೊತ್ತು. ಆಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಕೇಳಿಸುವುದು ನಿಂತುಹೋದಾಗ ನಿನ್ನ ಲೂಪ್ ಏನು ಹೇಳುತ್ತದೆ? ಬಹಳ ಮಂದಿ ಅದನ್ನು ಯೋಚಿಸಿರುತ್ತಿರಲಿಲ್ಲ. ಲೂಪಿಗೆ ಅಲುಗದೆ ನಿಲ್ಲುವುದನ್ನು ಕಲಿಸಲು ನನಗೆ ಎರಡು ವರ್ಷ ಹಿಡಿದಿತ್ತು. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದನ್ನು ಕಲಿಸಬೇಕೆಂದು ತಿಳಿಯಲು ಬಬಲೇಶ್ವರದ ಆ ಮಧ್ಯಾಹ್ನ ಬೇಕಾಯಿತು.